ನೀರಿನ ಠರಾವು, ಮಲದ ಅರ್ಜಿ

ದಲಿತ ವಿಮರ್ಶೆ ಅಂದಕೂಡಲೆ ನಾವು ಕವಿತೆ, ಕಾದಂಬರಿ, ಆತ್ಮಕಥೆಗಳನ್ನು ಕೈಗೆತ್ತಿಕೊಳ್ಳುತ್ತೇವೆ. ಪುರಸಭೆಯ ನಡಾವಳಿ ಪುಸ್ತಕವನ್ನು ಯಾರೂ ಪಠ್ಯ ಅಂತ ಒಪ್ಪುವುದಿಲ್ಲ. ಆದರೆ ಊರು ಕೇರಿಯನ್ನು ಹೇಗೆ ಕಂಡಿತು ಅನ್ನುವುದಕ್ಕೆ ಅದಕ್ಕಿಂತ ನೇರವಾದ ಬರಹ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಮಹಾಡ್ ಎಂಬ ಸಣ್ಣ ಪಟ್ಟಣವನ್ನೇ ನೋಡಿ. ಸಾರ್ವಜನಿಕ ಕೆರೆ-ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು 1923ರಲ್ಲಿ ಮುಂಬಯಿ ಶಾಸನಸಭೆ ನಿರ್ಣಯಿಸಿತು. ಮಂಡಿಸಿದವರು ಎಸ್.ಕೆ. ಬೋಲೆ. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಠರಾವೇನೋ ಆಯಿತು, ನೀರು ಸಿಗಲಿಲ್ಲ. ಮೇಲ್ಜಾತಿಯ ಭಯ ಠರಾವಿಗಿಂತ ದೊಡ್ಡದಾಗಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ತಮ್ಮ ಜನರೊಂದಿಗೆ ಹೋಗಿ ಆ ನೀರು ಕುಡಿದರು. ಊರಿನವರು ಬಡಿದರು, ಗಂಜಲ, ಸಗಣಿ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದೇ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನು ತಾನೇ ವಾಪಸು ತಗೊಂಡಿತು. ಹೊರಗಿಡುವ ರೂಢಿ ಅನಾದಿಯಿಂದ ಬಂದದ್ದೆಂದು ಸಾಬೀತಾಗಿಲ್ಲ ಅಂತ ಮುಂಬಯಿ ಹೈಕೋರ್ಟು ಹೇಳುವ ಹೊತ್ತಿಗೆ 1937 ಬಂದಿತ್ತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಇಲ್ಲಿ ಜಗಳ ನೀರಿನದಷ್ಟೇ ಅಲ್ಲ, 'ಸಾರ್ವಜನಿಕ' ಅನ್ನುವ ಮಾತಿನದು. ನೀರು ಕೊಡುವಾಗ ಆ ಮಾತಿನೊಳಗೆ ನಾವಿಲ್ಲ. ಕಕ್ಕಸು ಬಳಿಸುವಾಗ ಮಾತ್ರ ಊರಿಗೆ ನಮ್ಮ ನೆನಪಾಗುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಕೈಹಾಕಿದವರು ಬಿ. ಬಸವಲಿಂಗಪ್ಪ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಮಂತ್ರಿಮಂಡಲದಲ್ಲಿದ್ದಾಗ, ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರ ಬೂಸಾ ಗಲಾಟೆಯ ಬಸವಲಿಂಗಪ್ಪ ನಮ್ಮ ಸಾಹಿತ್ಯ ಚರಿತ್ರೆಗೆ ಗೊತ್ತು. ಈ ಆದೇಶದ ಬಸವಲಿಂಗಪ್ಪ ಅಷ್ಟಾಗಿ ಗೊತ್ತಿಲ್ಲ. ಬೂಸಾ ಅಂದದ್ದಕ್ಕೆ ಬೀದಿಗಿಳಿದವರಿಗೆ ತಲೆ ಮೇಲಿನ ಬುಟ್ಟಿ ಅವಮಾನವಾಗಿ ಯಾಕೆ ಕಾಣಲಿಲ್ಲ? ಈ ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗಲೇ ನಮ್ಮ ವಿಮರ್ಶೆ ಶುರುವಾಗುತ್ತದೆ.

1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಜಾಡಮಾಲಿಗಳ ಬದುಕಿನ ಬಗ್ಗೆ ವರದಿ ಕೊಟ್ಟಿತು. 1993ರಲ್ಲಿ ಕೇಂದ್ರ ಸರ್ಕಾರ ಮಲ ಹೊರಿಸುವುದನ್ನು ಅಪರಾಧ ಮಾಡಿತು. ಇಷ್ಟಾದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯಿತು? ತಮ್ಮನ್ನು ವಾಸದ ಜಾಗದಿಂದ ಎಬ್ಬಿಸಬಾರದೆಂದು ಭಂಗಿ ಸಮುದಾಯದವರು ಪುರಸಭೆ ಕಚೇರಿಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು.

ಸವಣೂರು ಅಂದರೆ ನವಾಬರು, ವೀಳ್ಯದೆಲೆ, ದೊಡ್ಡಹುಣಸೆ ಮರ, ಗೋಕಾಕರು ಹುಟ್ಟಿದ ಊರು. ಆ ಊರನ್ನು ದಿನಾ ಚೊಕ್ಕಟ ಮಾಡಿದವರು ಈ ಪಟ್ಟಿಯಲ್ಲಿ ಎಲ್ಲಿದ್ದಾರೆ? ಕಾಗದದ ಅರ್ಜಿ ಓದದವರ ಮುಂದೆ ಅವರು ತಮ್ಮ ಮೈಯನ್ನೇ ಅರ್ಜಿ ಮಾಡಿಕೊಂಡರು. ಅದನ್ನು ಅಸಹ್ಯ ಅಂದವರಿದ್ದಾರೆ. ಆ ಅಸಹ್ಯವನ್ನು ತಲೆತಲಾಂತರ ಹೊರಿಸಿದವರು ಯಾರು ಅಂತ ಕೇಳುವುದು ಬಿಟ್ಟು ಮೂಗು ಮುಚ್ಚಿಕೊಂಡರೆ ಹೆಂಗೆ?

2013ರಲ್ಲಿ ಇನ್ನೊಂದು ಕಾನೂನು ಬಂತು. ಮ್ಯಾನ್‌ಹೋಲಿನಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸಾವಿನ ಬೆಲೆ ಏರಿದೆ, ಸಾವು ನಿಂತಿಲ್ಲ. ಕಡತಗಳಲ್ಲಿ ಜಾಡಮಾಲಿ ಹೋಗಿ ಪೌರಕಾರ್ಮಿಕ ಬಂದಿದೆ. ಕಾರ್ಮಿಕ ಅನ್ನುವುದನ್ನು ಊರು ಒಪ್ಪಿಕೊಂಡಿದೆ. ಪೌರ ಅನ್ನುವುದನ್ನು ಇನ್ನೂ ಒಪ್ಪಬೇಕಾಗಿದೆ.