ಹೆಡ್ ಗ್ಯಾಸ್ಕೆಟ್ ಮತ್ತು ಬೋರ್‌ವೆಲ್ ನೀರು

ಕಾರಿನ ಎಂಜಿನ್ನನ್ನು ಸ್ಥೂಲವಾಗಿ ಎರಡು ತುಂಡು ಎನ್ನಬಹುದು. ಕೆಳಗೆ ಪಿಸ್ಟನ್‌ಗಳು ಓಡಾಡುವ ಬ್ಲಾಕ್, ಮೇಲೆ ವಾಲ್ವ್‌ಗಳನ್ನು ಹೊತ್ತ ಹೆಡ್. ಇವೆರಡರ ನಡುವೆ ಬೋಲ್ಟ್‌ಗಳ ಬಿಗಿತಕ್ಕೆ ಸಿಕ್ಕಿ ಕೂತ ತೆಳ್ಳನೆಯ ಹಾಳೆಯೇ ಹೆಡ್ ಗ್ಯಾಸ್ಕೆಟ್. ಒಂದು ಕಡೆ ಎರಡು ಸಾವಿರ ಡಿಗ್ರಿ ಮೀರುವ ಬೆಂಕಿ, ಪಕ್ಕದಲ್ಲೇ ನೀರು ಹರಿಯುವ ತೂತು, ಅದರಾಚೆ ಆಯಿಲ್ ಹೋಗುವ ದಾರಿ. ಮೂರೂ ಒಂದರೊಳಗೊಂದು ಬೆರೆಯದಂತೆ ತಡೆಯುವುದು ಈ ಹಾಳೆಯ ಕೆಲಸ. ಗ್ಯಾಸ್ಕೆಟ್ಟಿನ ಬೆಲೆ ಕಡಿಮೆ. ಅದನ್ನು ತಲುಪಲು ಅರ್ಧ ಎಂಜಿನ್ ಬಿಚ್ಚಬೇಕಾದ್ದರಿಂದ ಕೂಲಿಯೇ ಹೆಚ್ಚು. ಮನೆಯಲ್ಲೇ ಮಾಡಿಬಿಡೋಣ ಎಂಬ ಆಸೆ ಹುಟ್ಟುವುದು ಇಲ್ಲಿಂದ.

ಕೆಡುವುದೇಕೆ?

ಹಳೆಯ ಬಹಳಷ್ಟು ಕಾರುಗಳಲ್ಲಿ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯುಮಿನಿಯಂನದು. ಕಾದಾಗ ಅಲ್ಯುಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 30 ಸೆಂಟಿಮೀಟರ್ ಉದ್ದದ ಹೆಡ್ 80 ಡಿಗ್ರಿ ಬಿಸಿ ಏರಿದರೆ ಸುಮಾರು ಅರ್ಧ ಮಿಲಿಮೀಟರ್ ಬೆಳೆಯುತ್ತದೆ, ಕೆಳಗಿನ ಕಬ್ಬಿಣ ಅದರ ಅರ್ಧದಷ್ಟು. ದಿನವೂ ನಡೆಯುವ ಈ ಜಗ್ಗಾಟವನ್ನು ಗ್ಯಾಸ್ಕೆಟ್ ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ತಾಳದಿರುವುದು ಅತಿ ಶಾಖವನ್ನು. ಎಂಜಿನ್ ಒಮ್ಮೆ ಚೆನ್ನಾಗಿ ಕುದಿದರೆ ಹೆಡ್ ಡೊಂಕಾಗುತ್ತದೆ, ಬಿಗಿತ ಸಡಿಲವಾದ ಕಡೆಯಿಂದ ಗ್ಯಾಸ್ಕೆಟ್ ಸುಟ್ಟು ಹೋಗುತ್ತದೆ.

ಇನ್ನು ಕುದಿಯುವುದೇಕೆ ಎಂದರೆ, ನಮ್ಮ ಸೀಮೆಯಲ್ಲಿ ನೀರಿನ ಕಡೆಗೇ ಬೆರಳು ತೋರಿಸಬೇಕು. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ವೇಮಗಲ್ ಹೋಬಳಿಯ ತೋಟಕ್ಕೂ ಮನೆಗೂ ಕೊಳವೆಬಾವಿಯೇ ಗತಿ, ಅದೂ ಸಾವಿರ ಅಡಿ ದಾಟಿದ ಆಳದ್ದು. ಅಷ್ಟು ಕೆಳಗಿನ ನೀರು ಸುಣ್ಣದ ಅಂಶ ಹೊತ್ತೇ ಮೇಲೆ ಬರುತ್ತದೆ. ಗೀಸರ್ ಕಾಯಿಲಿಗೂ ಹಂಡೆಯ ತಳಕ್ಕೂ ಬೆಳ್ಳಗೆ ಹತ್ತುವ ಗಟ್ಟಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಹತ್ತುತ್ತದೆ. ಹಂಡೆಯದ್ದು ಕಣ್ಣಿಗೆ ಕಾಣುತ್ತದೆ, ರೇಡಿಯೇಟರಿನದ್ದು ಕಾಣದು. ಟೊಮೇಟೊ ಕ್ರೇಟು ತುಂಬಿಕೊಂಡು ಕೋಲಾರದ ಮಾರುಕಟ್ಟೆಗೆ ಬೆಳಗಿನ ಜಾವ ಓಡುವ ಓಮ್ನಿಗೆ ಶಾಖದ ಮೀಟರಿನ ಮುಳ್ಳು ಮೇಲೇರಿದಾಗಲೇ ಅದು ತಿಳಿಯುವುದು.

ಎತ್ತರದ ಲೆಕ್ಕವೂ ಒಂದಿದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ಈ ಬಯಲಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪು ಒತ್ತಡ ಹಿಡಿದಿಟ್ಟು ಆ ಮಿತಿಯನ್ನು 115 ಡಿಗ್ರಿಯ ಆಚೆಗೆ ದೂಡುತ್ತದೆ. ಕ್ಯಾಪಿನ ರಬ್ಬರ್ ಸೀಳಿದ್ದರೆ ಆ ರಕ್ಷಣೆ ಇಲ್ಲ. ಕಡಿಮೆ ದುಡ್ಡಿನ ಕ್ಯಾಪಿನ ಬಗ್ಗೆ ಉದಾಸೀನ ಮಾಡಿ ಹೆಡ್ಡನ್ನೇ ಕಳೆದುಕೊಂಡವರುಂಟು.

ಹೋಗಿದೆ ಎಂದು ತಿಳಿಯುವುದು ಹೇಗೆ?

ರೇಡಿಯೇಟರಿನ ನೀರು ಸೋರದೆಯೂ ಕಡಿಮೆಯಾಗುತ್ತಿರುವುದು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ನಿಲ್ಲದಿರುವುದು. ಆಯಿಲ್ ಕ್ಯಾಪಿನ ಅಡಿಯಲ್ಲಿ, ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದ ಕಾಫಿಯಂಥ ಪಸೆ. ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಒಂದೇ ಸಮ ಗುಳ್ಳೆ. ಇವುಗಳಲ್ಲಿ ಒಂದನ್ನು ಕಂಡು ತೀರ್ಪು ಕೊಡಬಾರದು. ಚಳಿಗಾಲದ ಬೆಳಗ್ಗೆ ಎಲ್ಲ ಕಾರೂ ಬಿಳಿ ಹೊಗೆ ಬಿಡುತ್ತವೆ. ಕಂಪ್ರೆಷನ್ ಗೇಜ್ ಹಾಕಿ ನೋಡಿದಾಗ ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಒತ್ತಡ ಒಟ್ಟಿಗೆ ಕುಸಿದಿದ್ದರೆ ಅನುಮಾನ ಬಹುಪಾಲು ಗಟ್ಟಿ. ಬಿಸಿ ಎಂಜಿನ್ನಿನ ಕ್ಯಾಪನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ, ಮುಖ ಸುಟ್ಟೀತು.

ಈ ಹಂತದಲ್ಲಿ ಊರಿನ ಉಪಾಯಗಳು ಹಾಜರಾಗುತ್ತವೆ. ರೇಡಿಯೇಟರಿಗೆ ಒಂದು ಹಿಡಿ ಅರಿಶಿನಪುಡಿ ಹಾಕುವುದು ಲಾರಿ ಚಾಲಕರ ಹಳೆಯ ಚಿಕಿತ್ಸೆ. ರೇಡಿಯೇಟರಿನ ಸಣ್ಣ ತೂತಿಗೆ ಊರು ಮುಟ್ಟುವ ತನಕ ನಡೆದೀತು. ಹೆಡ್ ಗ್ಯಾಸ್ಕೆಟ್ಟಿಗೆ ಅದರಿಂದ ಏನೂ ಆಗದು, ಇದ್ದ ಕೊಳವೆಯೂ ಕಟ್ಟಿಕೊಳ್ಳುತ್ತದೆ. ಎರಡನೆಯದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕುವುದು. ಮುಳ್ಳು ಕೆಳಗಿಳಿಯುತ್ತದೆ, ರೋಗ ಒಳಗೇ ಇರುತ್ತದೆ.

ಬಿಚ್ಚುವ ಮೊದಲು

ಮನೆಯಲ್ಲಿ ಮಾಡಲು ಹೊಂದುವುದು ಸರಳ ಎಂಜಿನ್. ಮಾರುತಿ 800 ಇದಕ್ಕೆ ಒಳ್ಳೆಯ ಉದಾಹರಣೆ: ಮೂರು ಸಿಲಿಂಡರ್, 796 ಸಿಸಿ, ಒಂದೇ ಕ್ಯಾಮ್‌ಶಾಫ್ಟ್, ಟೈಮಿಂಗ್ ಬೆಲ್ಟ್. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತರೂ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಟರ್ಬೊ ಡೀಸೆಲ್ ಕಾರನ್ನು ಅಂಗಳದಲ್ಲಿ ಬಿಚ್ಚುವ ಸಾಹಸ ಬೇಡ.

ಸ್ಪ್ಯಾನರ್, ಸಾಕೆಟ್ ಸೆಟ್ಟಿನ ಜೊತೆಗೆ ಮೂರು ವಸ್ತು ಬೇಕೇ ಬೇಕು: ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್, ಫೀಲರ್ ಗೇಜ್, ಟಾರ್ಕ್ ರೆಂಚ್. ಕೊನೆಯದು ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಅಪರೂಪ. ಕೈಯ ಅಂದಾಜೇ ಅಲ್ಲಿ ಅಳತೆ. ಏರ್‌ಬಸ್‌ನ ಎಚ್125 ಹೆಲಿಕಾಪ್ಟರ್ ಜೋಡಿಸಲು ಟಾಟಾ ಸಂಸ್ಥೆ ಆರಿಸಿಕೊಂಡಿರುವ ಊರು ಇದೇ ವೇಮಗಲ್. ಅಲ್ಲಿ ಒಂದೊಂದು ಬೋಲ್ಟಿಗೂ ಅಳತೆಯ ಬಿಗಿತ, ಒಂದೆರಡು ಮೈಲಿ ಆಚೆ ಅಂದಾಜಿನ ಬಿಗಿತ! ಹೆಡ್ ಬೋಲ್ಟಿನ ವಿಷಯದಲ್ಲಿ ನಾನು ಹೆಲಿಕಾಪ್ಟರಿನವರ ಪಕ್ಷ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ಹಿಂದಿನ ರಾತ್ರಿಯೇ ನಿಲ್ಲಿಸಿದ್ದರೆ ಒಳ್ಳೆಯದು. ಬ್ಯಾಟರಿ ಕಳಚಿ, ಕೂಲಂಟನ್ನು ಪಾತ್ರೆಗೆ ಬಸಿದುಕೊಳ್ಳಿ. ಬಿಚ್ಚಿದ ಪ್ರತಿ ಪೈಪಿಗೂ ವೈರಿಗೂ ಟೇಪು ಸುತ್ತಿ ಗುರುತು ಬರೆಯಿರಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಟೈಮಿಂಗ್ ಗುರುತುಗಳನ್ನು ಒಂದಕ್ಕೊಂದು ಹೊಂದಿಸಿದ ಮೇಲೆಯೇ ಬೆಲ್ಟ್ ತೆಗೆಯಬೇಕು. ಹೆಡ್ ಬೋಲ್ಟ್‌ಗಳನ್ನು ಎರಡೂ ತುದಿಯಿಂದ ನಡುವಿಗೆ ಬರುತ್ತ, ಒಂದೊಂದನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದೇ ಬಾರಿ ಪೂರ್ತಿ ಬಿಚ್ಚಿದರೆ ಸರಿಯಿದ್ದ ಹೆಡ್ಡೂ ಡೊಂಕಾದೀತು. ಅಂಟಿಕೊಂಡಿದ್ದರೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಎತ್ತಿದ ಹೆಡ್ಡನ್ನು ಎರಡು ಮರದ ತುಂಡಿನ ಮೇಲೆ ಇಡಿ.

ತೀರಾ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅವನ್ನು ಒಣಗಿದ್ದಾಗಲೇ ಉಜ್ಜಿ ದೂಳೆಬ್ಬಿಸಬಾರದು; ಒದ್ದೆ ಮಾಡಿ ಕೆರೆಯಿರಿ.

ಒರೆಸುವುದು, ಅಳೆಯುವುದು

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಸಿಲಿಂಡರುಗಳಿಗೆ ಬಟ್ಟೆ ತುರುಕಿ ಎರಡೂ ಮುಖಗಳನ್ನು ಗೀರು ಬೀಳದಂತೆ ಶುಚಿ ಮಾಡಬೇಕು. ಬೋಲ್ಟಿನ ತೂತುಗಳಲ್ಲಿ ಆಯಿಲ್ಲೋ ನೀರೋ ನಿಂತಿದ್ದರೆ ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕೇ ಸೀಳಬಹುದು. ಗಾಳಿ ಊದಿ ಒಣಗಿಸಿ. ಆಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ. ಎಷ್ಟು ಡೊಂಕನ್ನು ಸಹಿಸಬಹುದೆಂದು ಮ್ಯಾನ್ಯುಯಲ್ ಹೇಳುತ್ತದೆ. ಸಣ್ಣ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 0.05 ಮಿಲಿಮೀಟರ್ ಆಸುಪಾಸು, ಅಂದರೆ ತಲೆಗೂದಲಿಗಿಂತ ತೆಳು. ಮೀರಿದ್ದರೆ ಲೇತ್ ಅಂಗಡಿಗೆ ಒಯ್ದು ಫೇಸಿಂಗ್ ಮಾಡಿಸಬೇಕು, ಬಿರುಕಿದೆಯೇ ಎಂದೂ ನೋಡಿಸಬೇಕು. ಇದು ಮನೆಯಲ್ಲಿ ಆಗುವ ಕೆಲಸವಲ್ಲ. ಈ ಖರ್ಚು ಉಳಿಸಿದವರು ಮತ್ತೊಮ್ಮೆ ಎಲ್ಲ ಬಿಚ್ಚುತ್ತಾರೆ.

ಕೂರಿಸುವುದು

ಹೊಸ ಗ್ಯಾಸ್ಕೆಟ್ಟಿನ ಮೇಲೆ ‘ಟಾಪ್’ ಎಂಬ ಗುರುತಿದ್ದರೆ ಅದು ಮೇಲಕ್ಕೇ ಇರಲಿ. ಮ್ಯಾನ್ಯುಯಲ್ ಹೇಳದ ಹೊರತು ಗಮ್ಮು, ಗ್ರೀಸು ಸವರಬೇಡಿ. ಬಿಗಿಯುವಾಗ ಕ್ರಮ ತಲೆಕೆಳಗು: ನಡುವಿನ ಬೋಲ್ಟಿನಿಂದ ತುದಿಗಳತ್ತ, ಎರಡು ಮೂರು ಸುತ್ತಿನಲ್ಲಿ. ಕೆಲವು ಎಂಜಿನ್ನುಗಳ ಬೋಲ್ಟ್‌ಗಳು ಒಮ್ಮೆ ಎಳೆದುಕೊಂಡರೆ ಮುಗಿಯಿತು, ಹೊಸದೇ ಹಾಕಬೇಕು. ಬೆಲ್ಟ್ ಹಾಕಿ, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೆಯೇ ನೋಡಿ. ಟ್ಯಾಪೆಟ್ ಸಂದು ಸರಿಪಡಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ನೀರು ಬೆರೆತ ಹಳೆಯ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ತಿನ್ನುತ್ತದೆ.

ಮತ್ತೆ ನೀರು

ರೇಡಿಯೇಟರನ್ನು ತೊಳೆಸದೆ, ಕ್ಯಾಪನ್ನೂ ಥರ್ಮೋಸ್ಟಾಟನ್ನೂ ನೋಡದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಆರು ತಿಂಗಳಿಗೆ ಮತ್ತದೇ ಪಾಡು. ತುಂಬಿಸಲು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಬಳಸಿ, ಡಬ್ಬಿಯ ಮೇಲಿನ ಪ್ರಮಾಣದಲ್ಲಿ. ಬೋರಿನ ನಲ್ಲಿಗೆ ಪೈಪು ಸಿಕ್ಕಿಸಬೇಡಿ. ಸ್ಟಾರ್ಟ್ ಮಾಡಿ ಒಳಗಿನ ಗಾಳಿ ಹೊರಬರುವ ತನಕ ಕಾದು, ಮಟ್ಟ ಇಳಿದಷ್ಟು ತುಂಬಿ.

ಬಸಿದ ಹಳೆಯ ಕೂಲಂಟ್ ಇನ್ನೂ ಅಂಗಳದಲ್ಲೇ ಇರುತ್ತದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ಜೊತೆಗೆ ಘೋರ ವಿಷ. ಚರಂಡಿಗೋ ತಿಪ್ಪೆಗೋ ಚೆಲ್ಲಿದರೆ ನಾಯಿ ನೆಕ್ಕುತ್ತದೆ, ಹಸು ಕುಡಿಯುತ್ತದೆ. ಕ್ಯಾನಿಗೆ ಸುರಿದು ಮುಚ್ಚಳ ಬಿಗಿದು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ, ಬಳಸಿದ ಆಯಿಲನ್ನೂ ಕೂಲಂಟನ್ನೂ ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಕೊಟ್ಟು ಬನ್ನಿ.