ಹದಿನೆಂಟು ತುಂಬಿತು, ಪಿಯುಸಿ ಮುಗಿದಿಲ್ಲ: ವಿಜಯಪುರ ಸೀಮೆ ಮತ್ತು ಪ್ರಾಯೋಜಕತ್ವ ನೆರವಿನ ವಯೋಮಿತಿ

ಜನವರಿಯಲ್ಲಿ ಹುಟ್ಟಿದ ಮಗು ಆರು ವರ್ಷ ಐದು ತಿಂಗಳಿಗೆ ಒಂದನೆಯ ತರಗತಿ ಸೇರಿತೆನ್ನೋಣ. ಒಮ್ಮೆಯೂ ನಪಾಸಾಗದೆ ಓದಿದರೂ ಅದಕ್ಕೆ ಹದಿನೆಂಟು ತುಂಬುವುದು ದ್ವಿತೀಯ ಪಿಯುಸಿಯ ಜನವರಿಯಲ್ಲಿ. ವಾರ್ಷಿಕ ಪರೀಕ್ಷೆ ಮಾರ್ಚ್ ಸುಮಾರಿಗೆ. ಬಡ ಮನೆಯ ಮಗು ಮನೆಯಲ್ಲೇ ಉಳಿಯಲೆಂದು ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಕೊಡುವ ಪ್ರಾಯೋಜಕತ್ವ ನೆರವು, ತಿಂಗಳಿಗೆ 4,000 ರೂಪಾಯಿ, ಹದಿನೆಂಟು ತುಂಬಿದೊಡನೆ, ಪರೀಕ್ಷೆಗೆ ಮೊದಲೇ ನಿಲ್ಲುತ್ತದೆ. ನೆರವು ಎಲ್ಲಿಗೆ ನಿಲ್ಲಬೇಕೆಂಬುದನ್ನು ಹುಟ್ಟಿದ ತಾರೀಖಲ್ಲ, ಓದು ನಿರ್ಧರಿಸಬೇಕು ಎಂಬುದು ಈ ಲೇಖನದ ವಾದ.

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದಲ್ಲಿ ಈ ಲೆಕ್ಕ ಇನ್ನೂ ಬಿಗಿ. ಅಕ್ಟೋಬರಿನಲ್ಲಿ ಚಾಟ್ನಿ (ಬಳ್ಳಿ ಸವರುವಿಕೆ) ಆದ ದ್ರಾಕ್ಷಿ ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರುತ್ತದೆ. ಕೊಯ್ಲಿನಲ್ಲೂ ಒಣದ್ರಾಕ್ಷಿ ಶೆಡ್ಡುಗಳಲ್ಲೂ ಕೂಲಿ ಸಿಗುವುದು ಪರೀಕ್ಷೆಯ ಹೊತ್ತಿಗೇ. ತಂದೆಯಿಲ್ಲದ ಮನೆಗೆ ತಿಂಗಳ ಹಣ ನಿಂತ ಹೊತ್ತಿನಲ್ಲಿ ಮಗ ಪುಸ್ತಕ ಹಿಡಿದು ಕುಳಿತಿರುವುದು ಸುಲಭದ ಮಾತಲ್ಲ. ತಾಂಡಾಗಳ ಮಕ್ಕಳದ್ದು ಬೇರೆ ಕಷ್ಟ. ಗೋವಾ, ಮಹಾರಾಷ್ಟ್ರಗಳಿಗೆ ಗುಳೆ ಹೋದ ತಂದೆತಾಯಿಯ ಜೊತೆ ಅಲೆದು ಒಂದೆರಡು ವರ್ಷ ಕಳೆದುಕೊಂಡವರಿಗೆ ಹದಿನೆಂಟು ತುಂಬುವಾಗ ಇನ್ನೂ ಪ್ರಥಮ ಪಿಯುಸಿ, ಕೆಲವೊಮ್ಮೆ ಎಸ್ಸೆಸ್ಸೆಲ್ಸಿ.

ಕಾನೂನಿನೊಳಗೂ ಒಂದು ಅಸಂಗತಿ ಇದೆ. 2015ರ ಬಾಲನ್ಯಾಯ ಕಾಯ್ದೆ ಬಾಲಮಂದಿರವನ್ನು ಕೊನೆಯ ದಾರಿಯೆಂದೂ ಕುಟುಂಬವನ್ನು ಮೊದಲ ಆಸರೆಯೆಂದೂ ತಿಳಿಯುತ್ತದೆ. ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದೆಡೆ 96,000 ರೂಪಾಯಿಗಿಂತ ಆದಾಯ ಮೀರದ ಮನೆಗಳಿಗೆ ಪ್ರಾಯೋಜಕತ್ವ ಕೊಡುವುದೇ ಮಗು ಮನೆಯಲ್ಲಿ ಉಳಿಯಲೆಂದು. ಆದರೆ ಹದಿನೆಂಟರ ನಂತರದ ನೆರವಾದ ಅನುಪಾಲನೆ ಸಂಸ್ಥೆಯಿಂದ ಹೊರಬಂದವರಿಗೆ ಮಾತ್ರ: 21ರವರೆಗೆ, 2016ರ ಮಾದರಿ ನಿಯಮಗಳಂತೆ ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ. ಅನುಪಾಲನೆ ತಪ್ಪಲ್ಲ, ಅದು ಬೇಕೇ ಬೇಕು. ಅಜ್ಜಿಯೊಬ್ಬಳು ಮೊಮ್ಮಗಳನ್ನು ಬಾಲಮಂದಿರಕ್ಕೆ ಬಿಡದೆ ತನ್ನ ಗುಡಿಸಲಲ್ಲೇ ಸಾಕಿದ್ದಕ್ಕೆ ಆ ಹುಡುಗಿ ಮೂರು ವರ್ಷದ ಆಸರೆ ಕಳೆದುಕೊಳ್ಳುವುದು ಮಾತ್ರ ಅನ್ಯಾಯ.

ಓದುವವರಿಗೆ ಹದಿನೆಂಟು ಸಾಲದೆಂಬುದು ಸರ್ಕಾರಕ್ಕೆ ಗೊತ್ತಿಲ್ಲದ ಸಂಗತಿಯಲ್ಲ. ಮೃತ ಕೇಂದ್ರ ನೌಕರರ ಮಕ್ಕಳಿಗೆ ಕುಟುಂಬ ಪಿಂಚಣಿ 25 ವರ್ಷದವರೆಗೆ ಸಿಗಬಹುದು. ನೌಕರರ ಪಿಂಚಣಿ ಯೋಜನೆ, 1995ರಲ್ಲೂ ಮಕ್ಕಳ ಮಿತಿ 25. ಕೋವಿಡ್‌ನಲ್ಲಿ ಅನಾಥರಾದವರಿಗಾಗಿ 2021ರಲ್ಲಿ ಬಂದ ಪಿಎಂ ಕೇರ್ಸ್ ಯೋಜನೆ 18ರಿಂದ 23ರವರೆಗೆ ಮಾಸಿಕ ನೆರವನ್ನು ಇಟ್ಟಿತು. ಸಾಂಕ್ರಾಮಿಕದಲ್ಲಿ ಸತ್ತ ತಂದೆಗೂ ಬಾವಿ ತೋಡುವಾಗ ಸತ್ತ ತಂದೆಗೂ ಮಗಳ ಓದಿನ ಮಟ್ಟಿಗೆ ಏನು ವ್ಯತ್ಯಾಸ? ಅಮೆರಿಕ 1965ರಲ್ಲಿ ಮೃತ ಕಾರ್ಮಿಕರ ಓದುವ ಮಕ್ಕಳಿಗೆ ಮಿತಿಯನ್ನು 22ಕ್ಕೆ ಏರಿಸಿ, 1981ರ ಕಾಯ್ದೆಯಿಂದ ಹಿಂತೆಗೆಯಿತು. ಆದರೂ ಪ್ರೌಢಶಾಲೆ ಮುಗಿಸುತ್ತಿರುವವರನ್ನು 19ರವರೆಗೆ ಉಳಿಸಿಕೊಂಡಿತು.

ಬೇರೆ ಯೋಜನೆಗಳಿಲ್ಲವೇ ಎಂದು ಕೇಳಬಹುದು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ, ವಸತಿ ನಿಲಯಗಳಿವೆ. 2021ರಲ್ಲಿ ಘೋಷಿಸಿದ ರೈತ ವಿದ್ಯಾನಿಧಿ ಪಿಯುಸಿ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ರೂಪಾಯಿ ನಿಗದಿಪಡಿಸಿತು. ಅವು ಶುಲ್ಕಕ್ಕೆ, ಪುಸ್ತಕಕ್ಕೆ ಒದಗುತ್ತವೆ; ಮನೆಯ ಜೋಳದ ಚೀಲ ತುಂಬಿಸುವುದಿಲ್ಲ. ನಿರುದ್ಯೋಗ ಭತ್ಯೆಯಾದ ಯುವನಿಧಿ ದೊರೆಯುವುದು ಪದವಿ ಇಲ್ಲವೆ ಡಿಪ್ಲೊಮಾ ಮುಗಿದ ಮೇಲೆ. ನಡುವಿನ ಸಂದು ಹಾಗೆಯೇ ಉಳಿದಿದೆ.

ಕಾಯ್ದೆಯ ವ್ಯಾಖ್ಯೆಯಲ್ಲಿ ಮಗು ಹದಿನೆಂಟಕ್ಕೆ ಮುಗಿಯುವುದರಿಂದ ರಾಜ್ಯ ಸರ್ಕಾರ ತನ್ನ ಖರ್ಚಿನಲ್ಲೇ ಈ ಸಂದು ಮುಚ್ಚಬಹುದು. ಮೊದಲು ಹೇಳಿದ ಜನವರಿಯ ಮಗು ಮೊದಲ ಪರೀಕ್ಷೆಯಲ್ಲೇ ಪಾಸಾದರೆ ಅದಕ್ಕೆ ಬೇಕಾದದ್ದು ಇನ್ನು ಮೂರು ತಿಂಗಳು, 12,000 ರೂಪಾಯಿ. ಒಂದು ವರ್ಷ ಹಿಂದೆ ಬಿದ್ದವರಿಗೆ 60,000. ಪ್ರಾಚಾರ್ಯರ ವ್ಯಾಸಂಗ ಪ್ರಮಾಣಪತ್ರ ಪಡೆದು ವಿಜಯಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ ಇದನ್ನು ಮುಂದುವರಿಸಬಹುದು. 2024ರಲ್ಲಿ ಪಿಯುಸಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತು: ಮೊದಲನೆಯದರಲ್ಲಿ ತಪ್ಪಿದವರೂ ಇನ್ನೂ ವಿದ್ಯಾರ್ಥಿಗಳೇ ಎಂದು ಶಿಕ್ಷಣ ಇಲಾಖೆ ಒಪ್ಪಿದಂತಾಯಿತು. ಆ ವರ್ಷದ ಕೊನೆಯ ಪರೀಕ್ಷೆಯ ಫಲಿತಾಂಶ ಬರುವವರೆಗಾದರೂ ಅಂಥವರ ಖಾತೆಗೆ ಹಣ ಬೀಳಬೇಕು.