ಅಲ್ ಐನ್‌ನ ಡಾಕ್ಟೂರಾ ಮರಿಯಮ್



ರಜೆ ಬಂತೆಂದರೆ ನಾವೆಲ್ಲ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಅಲ್ ಐನ್‌ಗೆ ಹೊರಡುತ್ತೇವೆ. ಮೃಗಾಲಯ, ಜೆಬೆಲ್ ಹಫೀತ್, ಖರ್ಜೂರದ ತೋಟ ನೋಡಿ, ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು, ಸಂಜೆಗೆ ದುಬೈಗೋ ಅಬುಧಾಬಿಗೋ ಮರಳುತ್ತೇವೆ. ಅದೇ ಊರಿನಲ್ಲಿ ಕನದ್ ಆಸ್ಪತ್ರೆ ಎಂಬುದೊಂದಿದೆ. ಆ ಹೆಸರಿನ ಹಿಂದಿರುವ ಕಥೆ, ಅದರಲ್ಲೂ ಒಬ್ಬ ತಾಯಿಯ ಕಥೆ, ಪರದೇಶದಲ್ಲಿ ಸಂಸಾರ ಹೂಡಿರುವ ನಮಗೆ ತಿಳಿದಿರಬೇಕಾದದ್ದು.

1960ರ ಅಲ್ ಐನ್ ಪಟ್ಟಣವಲ್ಲ. ಬುರೈಮಿ ಓಯಸಿಸ್‌ನ ಹಳ್ಳಿಗಳಲ್ಲೊಂದು. ಅಬುಧಾಬಿಯ ತೈಲ ಮೊದಲ ಬಾರಿಗೆ ಹಡಗು ಹತ್ತಿದ್ದು 1962ರಲ್ಲಿ. ಅಂದರೆ ಆಗಿನ್ನೂ ಹಣ ಬಂದಿರಲಿಲ್ಲ. ಟಾರು ರಸ್ತೆಯಿಲ್ಲ, ವಿದ್ಯುತ್ತಿಲ್ಲ. ಅಬುಧಾಬಿಯಿಂದ ಸುಮಾರು 160 ಕಿಲೋಮೀಟರ್ ಮರಳಿನ ದಾರಿ. ನೀರು ಬರುತ್ತಿದ್ದುದು ಫಲಜ್ ಎಂಬ ನೆಲದಡಿಯ ಕಾಲುವೆಗಳಿಂದ. ನಮ್ಮ ಕಾಸರಗೋಡು, ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡ್ಡ ಕೊರೆದು ನೀರು ತರುವ ನಮ್ಮ ಸುರಂಗಗಳ ಅಣ್ಣತಮ್ಮಂದಿರೇ ಇವು.

ಆಗ ಅಬುಧಾಬಿಯ ದೊರೆ ಶೇಖ್ ಶಖ್‌ಬೂತ್. ಅವರ ತಮ್ಮ ಶೇಖ್ ಜಾಯೆದ್ ಅಲ್ ಐನ್‌ನ ಆಡಳಿತ ನೋಡಿಕೊಳ್ಳುತ್ತಿದ್ದರು. ಜನ, ಮುಖ್ಯವಾಗಿ ಬಾಣಂತಿಯರು ಮತ್ತು ಶಿಶುಗಳು, ಸಾಯುತ್ತಿರುವುದನ್ನು ಕಂಡು ಅವರು ವೈದ್ಯರನ್ನು ಕರೆಸಿದರು. 1960ರ ನವೆಂಬರಿನಲ್ಲಿ ಅಮೆರಿಕದ ವೈದ್ಯ ದಂಪತಿಗಳಾದ ಪ್ಯಾಟ್ ಕೆನಡಿ ಮತ್ತು ಮರಿಯನ್ ಕೆನಡಿ ಮಕ್ಕಳನ್ನೂ ಕರೆದುಕೊಂಡು ಬಂದಿಳಿದರು. ಅವರು ಕ್ರೈಸ್ತ ಮಿಷನ್‌ನವರೆಂಬುದು ಎಲ್ಲರಿಗೂ ತಿಳಿದೇ ಇತ್ತು. ಆದರೂ ಶೇಖ್ ಜಾಯೆದ್ ತಮ್ಮ ಮಣ್ಣಿನ ಗೋಡೆಯ ಅತಿಥಿಗೃಹವನ್ನು ಚಿಕಿತ್ಸಾಲಯಕ್ಕೆ ಬಿಟ್ಟುಕೊಟ್ಟರು. ಆ ತಿಂಗಳೇ ಅಲ್ಲಿ ಮೊದಲ ಹೆರಿಗೆಯಾಯಿತು.

ಆ ಕಾಲದಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧದಷ್ಟು ಉಳಿಯುತ್ತಿರಲಿಲ್ಲ, ಮೂವರು ತಾಯಂದಿರಲ್ಲಿ ಒಬ್ಬಳು ಹೆರಿಗೆಯಿಂದ ಸಾಯುತ್ತಿದ್ದಳು ಎಂದು ಆಸ್ಪತ್ರೆಯ ಚರಿತ್ರೆ ಹೇಳುತ್ತದೆ. ಜನನ ಮರಣಗಳ ದಾಖಲೆಯೇ ಇರದ ಕಾಲದ ಅಂದಾಜು ಇದು. ಅದರಲ್ಲಿ ಅರ್ಧ ನಿಜವಾದರೂ ವೈದ್ಯನಾದವನಿಗೆ ಎದೆ ನಡುಗುತ್ತದೆ. ಕಾರಣಗಳು ಹಲವು: ಅಪೌಷ್ಟಿಕತೆ, ಮಲೇರಿಯಾ, ಕ್ಷಯ, ಸೋಂಕು. ಇವುಗಳ ಜೊತೆಗೆ ಕೊಲ್ಲಿ ಪ್ರದೇಶದಲ್ಲಿ ಒಂದು ಹಳೆಯ ರೂಢಿಯಿತ್ತು. ಹೆರಿಗೆಯಾದ ಮೇಲೆ ಗಾಯ ಮಾಯಲೆಂದು ಜನನ ಮಾರ್ಗದೊಳಗೆ ಕಲ್ಲುಪ್ಪು ತುಂಬುತ್ತಿದ್ದರು. ಉಪ್ಪು ಒಳಪೊರೆಯನ್ನು ಸುಡುತ್ತದೆ. ಮಾಯ್ದ ಜಾಗ ಗಟ್ಟಿಯಾಗಿ ದಾರಿ ಕಿರಿದಾಗುತ್ತದೆ. ಮುಂದಿನ ಬಸಿರಿನಲ್ಲಿ ಮಗು ಹೊರಬರಲಾಗದೆ ತಾಯಿ, ಮಗು ಇಬ್ಬರಿಗೂ ಅಪಾಯ. ಹಿತವೆಂದು ಮಾಡಿದ್ದೇ ಮುಳುವಾಗುತ್ತಿತ್ತು.

ಇಂತಹ ಕಡೆ ಗಂಡು ವೈದ್ಯನೊಬ್ಬನಿಂದ ಏನೂ ಆಗುವಂತಿರಲಿಲ್ಲ. ಪರಪುರುಷನ ಮುಂದೆ ಬರದ ಹೆಂಗಸರು ಮರಿಯನ್ ಮುಂದೆ ಬಂದರು. ಅವರ ಬಾಯಲ್ಲಿ ಆಕೆ ‘ಡಾಕ್ಟೂರಾ ಮರಿಯಮ್’ ಆದರು. ಅತ್ತ ತಮ್ಮ ಮಕ್ಕಳನ್ನು ಮರಳುಗಾಡಿನ ಬಿಸಿಲಿನಲ್ಲಿ ಬೆಳೆಸಬೇಕು, ಇತ್ತ ಒಂಟೆಯ ಮೇಲೆ ದೂರದಿಂದ ಬಂದ ಗರ್ಭಿಣಿಯನ್ನು ನೋಡಬೇಕು. ಕೂಸುಗಳು ಉಳಿಯದ ಊರಿಗೆ ತಮ್ಮ ಕೂಸುಗಳನ್ನೇ ಕರೆತಂದ ತಾಯಿಯ ಧೈರ್ಯ ಸಾಮಾನ್ಯವಲ್ಲ. ಊರಿನ ತಾಯಂದಿರು ಆಕೆಯನ್ನು ನಂಬಿದ್ದಕ್ಕೆ ಅದೂ ಒಂದು ಕಾರಣವಾಗಿದ್ದೀತು ಎಂದು ನನಗನ್ನಿಸುತ್ತದೆ.

1961ರ ಮಾರ್ಚ್ 11ರಂದು ಶೇಖ್ ಜಾಯೆದ್ ಅವರ ಮಗ ಶೇಖ್ ಮೊಹಮ್ಮದ್ ಹುಟ್ಟಿದ್ದು ಈ ಆಸ್ಪತ್ರೆಯಲ್ಲೇ. 2022ರಿಂದ ಈ ದೇಶದ ಅಧ್ಯಕ್ಷರು ಅವರೇ. 1962ರ ಹೊತ್ತಿಗೆ ಕೆನಡಾದ ನರ್ಸ್ ಗೆರ್ಟ್ರೂಡ್ ಡಿಕ್ ಇವರನ್ನು ಸೇರಿಕೊಂಡರು. ಜನ ಆಕೆಯನ್ನು ‘ಡಾಕ್ಟೂರಾ ಲತೀಫಾ’ ಎಂದರು. ಆಕೆ 38 ವರ್ಷ ಇಲ್ಲೇ ದುಡಿದರು.

ಕೆನಡಿ ಎಂಬ ಹೆಸರು ಅರಬ್ಬರ ನಾಲಿಗೆಯಲ್ಲಿ ‘ಕನದ್’ ಆಯಿತು. ಓಯಸಿಸ್ ಆಸ್ಪತ್ರೆಯೆಂದು ಫಲಕವಿದ್ದರೂ ಹಳಬರಿಗೆ ಅದು ಕನದ್ ಆಸ್ಪತ್ರೆಯೇ. 2019ರಲ್ಲಿ ಸರ್ಕಾರವೂ ಅದೇ ಹೆಸರನ್ನು ಅಧಿಕೃತಗೊಳಿಸಿತು. ಒಂದು ಮಾತು ಮಾತ್ರ ಹೇಳದಿರಲಾರೆ. ಆ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುವುದು ಗಂಡ; ಆದರೆ ಹೆರಿಗೆ ಕೋಣೆಯ ಬಾಗಿಲು ತೆರೆದದ್ದು ಹೆಂಡತಿಗೆ.

ನಮ್ಮ ನಾಡಿನಲ್ಲೂ ಇಂತಹವರಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರು ಕಾಸು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ತೀರಿಕೊಂಡರು. ಒಬ್ಬರು ಓದು ಬಾರದ ಹಳ್ಳಿಯ ತಾಯಿ, ಇನ್ನೊಬ್ಬರು ವೈದ್ಯೆ. ಇಬ್ಬರೂ ಹೋದದ್ದು ಕರೆ ಬಂದ ಮನೆಗೆ.

ಇಂದು ಈ ದೇಶದಲ್ಲಿ ಸಾವಿರ ಶಿಶುಗಳಲ್ಲಿ ಹತ್ತು ಕೂಡ ಸಾಯುವುದಿಲ್ಲ. ನಮ್ಮ ಎಷ್ಟೋ ಮಕ್ಕಳು ಹುಟ್ಟಿದ್ದು ಇಲ್ಲಿನ ಆಸ್ಪತ್ರೆಗಳಲ್ಲೇ. ಮುಂದಿನ ಸಲ ಅಲ್ ಐನ್‌ಗೆ ಹೋದಾಗ ಕನದ್ ಆಸ್ಪತ್ರೆಯ ಮುಂದೆ ಕಾರನ್ನು ಒಂದು ನಿಮಿಷ ನಿಧಾನಿಸಿ, ಹಿಂದಿನ ಸೀಟಿನ ಮಕ್ಕಳಿಗೆ ಈ ಕಥೆ ಹೇಳಿ.